ತಂಬೂರಿಯಿಂದ ಗಿಟಾರಿಗೆ: ಲಕ್ಷ್ಮೇಶ್ವರದ ಬಸ್ ಹತ್ತಿದರೆ ಶಿಶುನಾಳ!

ಚಿತ್ರರಸಿಕ ಗೆಳೆಯರೇ, ಮೊದಲಿಗೆ ಒಂದು ಪ್ರಶ್ನೆ. ಸಿನಿಮಾ ಎಂಬುದನ್ನು ಕಣ್ಣಾರೆ ಕಂಡವನಲ್ಲ, ಸ್ಟುಡಿಯೋ ಮೆಟ್ಟಿಲು ಹತ್ತಿದವನಲ್ಲ, ತನ್ನ ದನಿಯನ್ನು ಒಂದೇ ಒಂದು ರೆಕಾರ್ಡಿಗೂ ಕೊಟ್ಟವನಲ್ಲ. ಆದರೂ ಸತ್ತು 101 ವರ್ಷದ ಮೇಲೆ ಒಂದು ಕನ್ನಡ ಚಿತ್ರಕ್ಕೆ ಹಾಡು ಬರೆದುಕೊಟ್ಟ! ಆ ಗೀತರಚನೆಕಾರ ಯಾರು?

ಉತ್ತರ ನಿಮ್ಮ ನಾಲಿಗೆ ತುದಿಯಲ್ಲೇ ಇದೆ. ಸಂತ ಶಿಶುನಾಳ ಶರೀಫ. ಅವನ ಹಾಡು ಗೊತ್ತಿಲ್ಲದ ಕನ್ನಡಿಗ ಸಿಗೋದು ಕಷ್ಟ. ಆರ್ಕೆಸ್ಟ್ರಾದಲ್ಲಿ ಹಾಡ್ತಾರೆ, ಕಾಲೇಜು ಗ್ಯಾದರಿಂಗಿನಲ್ಲಿ ಹಾಡ್ತಾರೆ, ಗಣಪತಿ ಪೆಂಡಾಲಿನಲ್ಲಿ ಹಾಡ್ತಾರೆ, ಈಗ ಮೊಬೈಲಿನ ರೀಲ್ಸ್‌ನಲ್ಲೂ ಹಾಡ್ತಾರೆ. ಆದರೆ ಅವನ ಊರಿನ ದಾರಿ ಎಷ್ಟು ಜನಕ್ಕೆ ಗೊತ್ತು?

ಅಮೆರಿಕದವರು 'ಕಂಟ್ರಿ ಮ್ಯೂಸಿಕ್' ಅಂತ ಒಂದು ಜಾತಿಯ ಹಾಡು ಕಟ್ಟಿ ಲೋಕಕ್ಕೆಲ್ಲ ಹಂಚಿದ್ದಾರೆ. ಸೊಂಟಕ್ಕೆ ಗಿಟಾರು, ತಲೆಗೆ ಹ್ಯಾಟು, ತಾನೇ ಬರೆದು ತಾನೇ ಹಾಡುವ ಹಳ್ಳಿಗಾಡಿನ ಗಂಡಸು. ಹಾಡಿನೊಳಗೆ ಹೆಂಡತಿ, ಬಡತನ, ಸೋರುವ ಮನೆ, ಕುಡಿತ, ದೇವರು, ಸಾವು. ಅದನ್ನು ಕೇಳಿ ನಮ್ಮ ಹುಡುಗರು 'ಆಹಾ' ಅಂತಾರೆ. ಅದೇ ಪಟ್ಟಿಯನ್ನು ಹಿಡಿದುಕೊಂಡು ಉತ್ತರ ಕರ್ನಾಟಕಕ್ಕೆ ಬನ್ನಿ. ಗಿಟಾರಿನ ಜಾಗಕ್ಕೆ ತಂಬೂರಿ, ಹ್ಯಾಟಿನ ಜಾಗಕ್ಕೆ ರುಮಾಲು ಇಡಿ. ಒಬ್ಬ ಮನುಷ್ಯ ತಾನಾಗಿಯೇ ಎದ್ದು ನಿಲ್ಲುತ್ತಾನೆ. ಅವನನ್ನು ಹುಡುಕಿಕೊಂಡೇ ನಾನು ಗದಗಿನಲ್ಲಿ ಲಕ್ಷ್ಮೇಶ್ವರದ ಬಸ್ ಹತ್ತಿದ್ದು.

ಹುಲಿಗೆರೆ ಎಂಬ ಊರು

ಲಕ್ಷ್ಮೇಶ್ವರಕ್ಕೆ ರೈಲಿಲ್ಲ. ಗದಗಿನಿಂದ ಸುಮಾರು 40 ಕಿಲೋಮೀಟರು, ಹುಬ್ಬಳ್ಳಿಯಿಂದ 50ರ ಆಸುಪಾಸು. ಎರಡೂ ಕಡೆ ಕೆಂಪು ಬಸ್ಸೇ ಗತಿ. ಎರೆ ಹೊಲ, ಶೇಂಗಾ, ಹತ್ತಿ, ಮೆಣಸಿನಕಾಯಿ, ಗೋವಿನಜೋಳ. 2023ರಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ಫ್ರೀ ಆದ ಮೇಲೆ ಬಸ್ಸಿನ ಮುಂದಿನ ಸೀಟುಗಳೆಲ್ಲ ಅವರದೇ ರಾಜ್ಯ. ಗಂಡಸರು ಹಿಂದೆ ನಿಂತು ಕಂಬಿ ಹಿಡಿಯಬೇಕು. ನಾನೂ ಹಿಡಿದೆ!

ಹಳೇ ಹೆಸರು ಪುಲಿಗೆರೆ, ಬಾಯಿಗೆ ಬಂದದ್ದು ಹುಲಿಗೆರೆ. ಸಣ್ಣ ಊರಲ್ಲ ಸ್ವಾಮಿ ಇದು! ಒಂಬತ್ತನೇ ಶತಮಾನದ 'ಕವಿರಾಜಮಾರ್ಗ' ಕನ್ನಡದ ತಿರುಳು ಯಾವ ಸೀಮೆಯಲ್ಲಿದೆ ಅಂತ ಗುರುತಿಸುವಾಗ ನಾಲ್ಕು ಊರುಗಳ ಹೆಸರು ಹೇಳುತ್ತದೆ. ಅದರಲ್ಲಿ ಪುಲಿಗೆರೆಯೂ ಒಂದು. ಹತ್ತನೇ ಶತಮಾನದಲ್ಲಿ ಆದಿಕವಿ ಪಂಪ ತನ್ನ ಭಾರತವನ್ನು ಬರೆದದ್ದು ಈ ಪುಲಿಗೆರೆಯ ತಿರುಳುಗನ್ನಡದಲ್ಲೇ ಅಂತ ಅವನೇ ಹೇಳಿಕೊಂಡಿದ್ದಾನೆ. ಅಂದರೆ ಕನ್ನಡದ ಮೊದಲ ದೊಡ್ಡ 'ಡೈಲಾಗ್ ರೈಟರ್' ಇಲ್ಲಿಯ ಭಾಷೆಯನ್ನೇ ಆರಿಸಿಕೊಂಡ. ಬೆಂಗಳೂರಿನ ಸಿನಿಮಾ ಮಂದಿ ಉತ್ತರ ಕರ್ನಾಟಕದ ಮಾತನ್ನು ಬರೀ ಹಾಸ್ಯನಟನ ಬಾಯಿಗೆ ತುರುಕುವ ಮೊದಲು ಇದನ್ನು ಒಮ್ಮೆ ನೆನೆಸಿಕೊಂಡರೆ ಒಳ್ಳೇದು.

ಊರ ನಡುವೆ ಸೋಮೇಶ್ವರ ಗುಡಿ. ಕಲ್ಯಾಣದ ಚಾಲುಕ್ಯರ ಕಾಲದ ಕಟ್ಟಡ, ಸುತ್ತ ಕೋಟೆಯಂಥ ಗೋಡೆ, ಹಿಂಭಾಗದಲ್ಲಿ ಮೆಟ್ಟಿಲುಬಾವಿ. ಗರ್ಭಗುಡಿಯಲ್ಲಿ ಕಾಣೋದು ನಂದಿಯ ಮೇಲೆ ಜೋಡಿಯಾಗಿ ಕೂತ ಶಿವ-ಪಾರ್ವತಿ. ಇದರ ಹಿಂದೆ ಇರೋ ಕಥೆ ಪಕ್ಕಾ ಸಿನಿಮಾ! ಸೌರಾಷ್ಟ್ರದಿಂದ ವ್ಯಾಪಾರಕ್ಕೆ ಬಂದ ಆದಯ್ಯ ಎಂಬ ಶಿವಭಕ್ತ, ಈ ಊರಿನ ಜೈನ ವ್ಯಾಪಾರಿಯ ಮಗಳು ಪದ್ಮಾವತಿಯನ್ನು ಮೆಚ್ಚಿ ಮದುವೆಯಾಗುತ್ತಾನೆ. ಮಾವನ ಮನೆಯಲ್ಲಿ ಅವಮಾನ. ಸಿಟ್ಟಿಗೆದ್ದು, ಸೌರಾಷ್ಟ್ರದ ಸೋಮನಾಥನನ್ನೇ ಇಲ್ಲಿಗೆ ತರ್ತೀನಿ ಅಂತ ಶಪಥ. ಹದಿಮೂರನೇ ಶತಮಾನದಲ್ಲಿ ರಾಘವಾಂಕ ಇದನ್ನು 'ಸೋಮನಾಥ ಚಾರಿತ್ರ'ವಾಗಿ ಬರೆದ. ಪ್ರೇಮವಿದೆ, ಪಂಥವಿದೆ, ಕೊನೆಗೆ ಎರಡು ಮತಗಳ ಹೊಡೆದಾಟವೂ ಇದೆ. ಯಾವ ನಿರ್ಮಾಪಕರೂ ಯಾಕೆ ಕೈ ಹಾಕಿಲ್ಲವೋ!

ಗುಡಿಯಿಂದ ನಡೆದು ಹೋಗುವಷ್ಟು ದೂರದಲ್ಲೇ ಶಂಖ ಬಸದಿ, ಆದಿಲ್‌ಶಾಹಿ ಕಾಲದ ಜುಮ್ಮಾ ಮಸೀದಿ, ದೂದಪೀರಾಂ ದರ್ಗಾ. ಸ್ವಾತಂತ್ರ್ಯಕ್ಕೆ ಮುಂಚೆ ಈ ಊರು ಮಿರಜ್ ಸಂಸ್ಥಾನಕ್ಕೆ ಸೇರಿತ್ತು. ಪಕ್ಕದ ಶಿರಹಟ್ಟಿ ಸಾಂಗ್ಲಿಗೆ, ಕುಂದಗೋಳ ಜಮಖಂಡಿಗೆ, ಸವಣೂರು ನವಾಬರಿಗೆ. ಒಂದು ದಿನ ನಡೆದರೆ ನಾಲ್ಕು ರಾಜರ ನೆಲ ದಾಟಬಹುದಿತ್ತು! ರಾಜರು ಬೇರೆ, ಆದರೆ ಹಾಡು ಒಂದೇ.

ಹಾಡು ಮತ್ತು ನಾಟಕದ ಹುಚ್ಚು ಈ ಸೀಮೆಯ ಮಣ್ಣಿನಲ್ಲೇ ಇದೆ. ಹೆಣ್ಣುಮಕ್ಕಳ ನಾಟಕ ಕಂಪನಿ ಕಟ್ಟಿದ ಬಚ್ಚಾಸಾನಿ ಇದೇ ಲಕ್ಷ್ಮೇಶ್ವರದವಳು. ಶಿರಹಟ್ಟಿ ವೆಂಕೋಬರಾಯರ ಕಂಪನಿ, ಗದಗಿನ ಗರುಡ ಸದಾಶಿವರಾಯರ ಕಂಪನಿ ಕನ್ನಡ ರಂಗಭೂಮಿಯ ಚರಿತ್ರೆಯಲ್ಲಿ ಓದಬಹುದಾದ ಹೆಸರುಗಳು. ಪಶ್ಚಿಮಕ್ಕೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆ. ಅಲ್ಲಿ ಗದಗಿನ ಭೀಮಸೇನ ಜೋಶಿ ಸೇವೆ ಮಾಡಿ ಕಲಿತರು, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ರೈಲಿನಲ್ಲಿ ಓಡಾಡಿ ಕಲಿತರು. ಆದರೆ ಅವರೆಲ್ಲ ಗುರುವಿನ ಮುಂದೆ ಕೂತು ರಾಗ ಕಲಿತವರು. ನಾನು ಹುಡುಕುತ್ತಿದ್ದದ್ದು ಹೊಲದ ಬದುವಿನ ಮೇಲೆ ಕೂತು ಪದ ಕಟ್ಟಿದವನನ್ನು.

ಗಿಟಾರಿನ ಹುಡುಗ

ಲಕ್ಷ್ಮೇಶ್ವರದ ಸ್ಟ್ಯಾಂಡಿನ ಎದುರು ಚಹಾದಂಗಡಿ. ಮಿರ್ಚಿ, ಗಿರಮಿಟ್ಟು, ಅರ್ಧ ಕಪ್ಪು ಚಹಾ. ಬೆಂಚಿನ ತುದಿಯಲ್ಲಿ ಇಪ್ಪತ್ತೆರಡರ ಹುಡುಗನೊಬ್ಬ. ಮಡಿಲಲ್ಲಿ ಕಪ್ಪು ಚೀಲ ಹೊದ್ದ ಗಿಟಾರು. ಈ ಊರಲ್ಲಿ ಗಿಟಾರೇ! ಮಾತಾಡಿಸಿದೆ.

"ಎಲ್ಲಿ ಕಲತಿ ತಮ್ಮಾ?"

"ಯೂಟ್ಯೂಬ್ ನೋಡಿ ಕಲತೀನ್ರಿ ಅಣ್ಣಾ. ನಾಕ ಕಾರ್ಡ್ ಬರ್ತಾವು. ಶರೀಫಜ್ಜನ ಪದಕ್ಕ ಅಷ್ಟ ಸಾಕರಿ."

ಆತ ಐಟಿಐ ಮುಗಿಸಿದ್ದಾನೆ. ಧಾರವಾಡದ ಕಡೆ ಒಂದು ಕಾರ್ಖಾನೆಯಿಂದ ಕೆಲಸದ ಆರ್ಡರ್ ಬಂದಿದೆ, ಸೋಮವಾರ ಹಾಜರಾಗಬೇಕು. ಇತ್ತ ಬೆಂಗಳೂರಿನಲ್ಲಿ ಗೆಳೆಯನೊಬ್ಬ 'ಬಾ, ಹಾಡುವ ಛಾನ್ಸ್ ಕೊಡಿಸ್ತೀನಿ' ಅಂತ ಫೋನು ಮಾಡ್ತಿದ್ದಾನೆ. ಅಪ್ಪ ಮಾತ್ರ ಒಂದೇ ಮಾತು: "ಆ ಕಟಗಿ ಪೆಟಗಿ ಮಾರು, ಡ್ಯೂಟಿಗೆ ಹೋಗು."

"ನೀವ ಹೇಳ್ರಿ ಅಣ್ಣಾ, ಸಿನಿಮಾ ಮಂದೀನ ನೋಡೀರಿ. ನೌಕರಿ ಹಿಡೀಲೋ, ಹಾಡು ಹಿಡೀಲೋ?"

ಪಿಯುಸಿ ಅರ್ಧಕ್ಕೆ ಬಿಟ್ಟು ಪೆನ್ನು ಹಿಡಿದ ನನ್ನಂಥವನಿಗೆ ಈ ಪ್ರಶ್ನೆ ಕೇಳಿದರೆ ಏನು ಹೇಳಲಿ? "ನಾನು ಶಿಶುನಾಳಕ್ಕೆ ಹೊಂಟೀನಿ. ನೀನೂ ಬಾ, ದಾರಿಯೊಳಗ ಮಾತಾಡೋಣು" ಅಂದೆ. ಗಿಟಾರು ಹೆಗಲಿಗೇರಿತು.

ಮಾಸ್ತರಿಕೆ ಬಿಟ್ಟ ಮನುಷ್ಯ

ಲಕ್ಷ್ಮೇಶ್ವರದಿಂದ ಪಶ್ಚಿಮಕ್ಕೆ ಹೋದರೆ ಗುಡಗೇರಿ, ಹುಬ್ಬಳ್ಳಿ-ಬೆಂಗಳೂರು ರೈಲುಹಳಿ. ಅದನ್ನು ದಾಟಿ ಮುಂದೆ ಹುಲಗೂರು, ಅಲ್ಲಿಂದ ಶಿಶುನಾಳ. ಬಸ್ಸು ಬದಲಿಸುತ್ತಾ ಹೋಗಬೇಕು. ಜಿಲ್ಲೆಗಳೂ ಬದಲಾಗುತ್ತವೆ: ಲಕ್ಷ್ಮೇಶ್ವರ ಗದಗ, ಗುಡಗೇರಿ ಧಾರವಾಡ, ಶಿಶುನಾಳ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕು. 1997ಕ್ಕೆ ಮುಂಚೆ ಎಲ್ಲವೂ ಒಂದೇ ಧಾರವಾಡ ಜಿಲ್ಲೆ. ಶರೀಫನ ಕಾಲದಲ್ಲಿ ಇದೆಲ್ಲ ಕಾಲುದಾರಿ. ಅವನ ಕೊನೆಗಾಲಕ್ಕೆ, 1880ರ ದಶಕದಲ್ಲಿ, ಸದರ್ನ್ ಮರಾಠಾ ಕಂಪನಿಯ ರೈಲು ಈ ಕಡೆ ಬಂತು.

ಶರೀಫ ಹುಟ್ಟಿದ್ದು 1819ರ ಜುಲೈ 3. ತಂದೆ ಇಮಾಮ ಸಾಹೇಬ, ತಾಯಿ ಹಜ್ಜೂಮಾ. ಹುಲಗೂರಿನ ಖಾದರಿ ಸಂತರ ಆಶೀರ್ವಾದದಿಂದ ಹುಟ್ಟಿದ ಮಗ ಅಂತ ಜನ ನಂಬುತ್ತಾರೆ. ಹುಡುಗ ಓದಿದ, ಮುಲ್ಕಿ ಪರೀಕ್ಷೆ ಪಾಸಾದ, ಸುತ್ತಲ ಹಳ್ಳಿಗಳಲ್ಲಿ ಕನ್ನಡ ಶಾಲೆಯ ಮಾಸ್ತರನಾದ. ಆ ಕಾಲಕ್ಕೆ ಅದು ಸಣ್ಣ ನೌಕರಿಯಲ್ಲ. ತಿಂಗಳಾದರೆ ಸಂಬಳ, ಊರಲ್ಲಿ ಮರ್ಯಾದೆ. ಅದನ್ನು ಬಿಟ್ಟ!

ಯಾಕೆ ಬಿಟ್ಟ? ಕಳಸ ಎಂಬ ಹಳ್ಳಿಯ ಗೋವಿಂದಭಟ್ಟ ಎಂಬ ಬ್ರಾಹ್ಮಣನ ಸಹವಾಸ. ಭಟ್ಟ ಬಲು ವಿಚಿತ್ರ ಮನುಷ್ಯ. ಮಡಿ ಇಲ್ಲ, ಮೈಲಿಗೆ ಇಲ್ಲ, ಯಾರ ಮನೆಯಲ್ಲಾದರೂ ಉಂಡಾನು. ಮುಸ್ಲಿಂ ಹುಡುಗನನ್ನು ಶಿಷ್ಯನೆಂದು ಕರೆದುಕೊಂಡ. ಬ್ರಾಹ್ಮಣರೂ ಬೈದರು, ಮುಸ್ಲಿಮರೂ ಬೈದರು. ಭಟ್ಟ ತನ್ನ ಜನಿವಾರವನ್ನೇ ತೆಗೆದು ಶಿಷ್ಯನ ಕೊರಳಿಗೆ ಹಾಕಿದ ಅಂತ ಈ ಸೀಮೆಯ ಜನ ಇಂದಿಗೂ ಕಣ್ಣಿಗೆ ಕಟ್ಟಿದಂತೆ ಹೇಳುತ್ತಾರೆ. ಸಿನಿಮಾದಲ್ಲಿ ನೀವು ನೋಡಿದ್ದೀರಿ.

ಆಮೇಲೆ ಶರೀಫನ 'ಕೆರಿಯರ್' ಶುರು. ಅದಕ್ಕೆ ಮ್ಯಾನೇಜರ್ ಇಲ್ಲ, ಅಡ್ವಾನ್ಸ್ ಇಲ್ಲ, ಟಿಕೆಟ್ ಇಲ್ಲ. ಗುರುವಿನ ಜೊತೆ ಊರೂರು ಅಲೆದ. ನವಲಗುಂದದ ನಾಗಲಿಂಗ ಸ್ವಾಮಿ, ಗರಗದ ಮಡಿವಾಳಪ್ಪ, ಹುಬ್ಬಳ್ಳಿಯ ಸಿದ್ಧಾರೂಢರು, ಇವರೆಲ್ಲ ಅವನ ಕಾಲದವರು. ಎಲ್ಲಿ ಕೂತನೋ ಅಲ್ಲೇ ಪದ. ಮೊಹರಂ ಬಂದರೆ ಅಲಾವಿ ಪದ, ಗುಡಿಗೆ ಹೋದರೆ ದೇವಿಯ ಪದ, ಸಂತೆಗೆ ಹೋದರೆ ಸಂತೆಯ ಪದ. ಹುಬ್ಬಳ್ಳಿಗೆ ಗಿರಣಿ ಬಂತು, ಗಿರಣಿಯ ಮೇಲೆ ಪದ! ಹುಕ್ಕಾ ಸೇದುವುದನ್ನು ಕಂಡ, ಹುಕ್ಕಾದ ಮೇಲೆ ಪದ. ಮಾಳಿಗೆ ಸೋರಿತು, ಅದರ ಮೇಲೂ ಪದ.

ಇಲ್ಲೇ ಅವನ ಗುಟ್ಟು ಇರೋದು ಗೆಳೆಯರೇ. ಮೇಲಿಂದ ನೋಡಿದರೆ ಮನೆ ರಿಪೇರಿಯ ಮಾತು, ಒಳಗೆ ನೋಡಿದರೆ ಮೈಯೆಂಬ ಮನೆ ಹಳತಾದ ಮಾತು. ಮೇಲೆ ಹುಕ್ಕಾ, ಒಳಗೆ ಉಸಿರಾಟ. ಮೇಲೆ ಗಿರಣಿ, ಒಳಗೆ ದೇಹವೆಂಬ ಯಂತ್ರ. ಸಣ್ಣ ಜೀವ ದೊಡ್ಡದನ್ನು ನುಂಗುವ ಒಗಟಿನ ಹಾಡಂತೂ ಮಕ್ಕಳಿಗೆ ನಗು, ದೊಡ್ಡವರಿಗೆ ತಲೆಬಿಸಿ. ಒಂದೇ ಟಿಕೆಟ್ಟಿನಲ್ಲಿ ಎರಡು ಆಟ!

ಆದರೆ ಬದುಕು ಹಾಡಿನಷ್ಟು ಹಗುರ ಇರಲಿಲ್ಲ. ಕುಂದಗೋಳದ ಫಾತಿಮಾಳನ್ನು ಮದುವೆಯಾದ. ಮಗಳು ಹುಟ್ಟಿ ತೀರಿಕೊಂಡಳು, ಹೆಂಡತಿಯೂ ತೀರಿಕೊಂಡಳು. ಹೆಂಡತಿ ಸತ್ತವನ ಪಾಡಿನ ಮೇಲೂ ಅವನದೊಂದು ಪದವಿದೆ. ಅದನ್ನು ಕೇಳಿದರೆ ಇದು ಕಲ್ಪನೆಯಿಂದ ಬರೆದದ್ದಲ್ಲ ಅಂತ ಯಾರಿಗಾದರೂ ತಿಳಿಯುತ್ತೆ. ಆಸ್ತಿ ಇಲ್ಲ, ಮಕ್ಕಳಿಲ್ಲ, ಕಡೆಗೆ ತಂಬೂರಿ ಮತ್ತು ಪದ. 1889ರ ಜುಲೈ 3ರಂದು, ಹುಟ್ಟಿದ ದಿನವೇ, ಸರಿಯಾಗಿ 70 ತುಂಬಿ ಹೋದ.

ಎಡಿಸನ್ ಫೋನೋಗ್ರಾಫ್ ಕಂಡುಹಿಡಿದದ್ದು 1877ರಲ್ಲಿ. ಶರೀಫ ಆಗ ಬದುಕಿದ್ದ. ಕಲ್ಕತ್ತಾದಲ್ಲಿ ಗೌಹರ್ ಜಾನ್ ಗ್ರಾಮಫೋನ್ ಕಂಪನಿಗೆ ಹಾಡಿದ್ದು 1902ರಲ್ಲಿ. ಬರೀ ಹದಿಮೂರು ವರ್ಷದ ಅಂತರದಲ್ಲಿ ಶರೀಫನ ದನಿ ನಮಗೆ ತಪ್ಪಿಹೋಯಿತು!

ಸಹಿ ಇಲ್ಲದ ಪತ್ರ

ಶಿಶುನಾಳದಲ್ಲಿ ಗದ್ದುಗೆ ಇದೆ. ಅದೇ ಊರಿನ ಬಸವಣ್ಣನೇ ಶರೀಫನ ಪದಗಳ ದೇವರು, ಅವನ ಹೆಸರೇ ಪದಗಳ ಅಂಕಿತ. ಗದ್ದುಗೆಗೆ ಹಿಂದೂಗಳು ಬಂದು ಕಾಯಿ ಒಡೆಸುತ್ತಾರೆ, ಮುಸ್ಲಿಮರು ಬಂದು ಸಕ್ಕರೆ ಓದಿಸುತ್ತಾರೆ. ಅವನು ಸತ್ತಾಗಲೂ ಹಾಗೇ ಆಯಿತಂತೆ: ಒಂದು ಕಡೆ ಕುರಾನು, ಇನ್ನೊಂದು ಕಡೆ ಮಂತ್ರ. ಜಗಳವಾಡಲು ಬಂದವರಿಗೆ ಕೆಲಸವೇ ಇಲ್ಲದಂತೆ ಮಾಡಿ ಹೋದ ಪುಣ್ಯಾತ್ಮ.

ನಾವು ಹೋದಾಗ ಭಜನೆಯವರು ನಾಲ್ಕು ಜನ ಕೂತಿದ್ದರು. ಹಾರ್ಮೋನಿಯಂ, ದಮ್ಮಡಿ, ತಾಳ. ಹುಡುಗನ ಹೆಗಲ ಮೇಲಿನ ಚೀಲ ಕಂಡು ಒಬ್ಬ ಹಿರಿಯ, "ಏನೋ ತಮ್ಮಾ, ಅದು ನಿನ್ನ ತಂಬೂರೇನು? ತಗಿ ಹೊರಗ, ಕೇಳೂಣು" ಅಂದರು.

ಹುಡುಗ ಹಾಡಿದ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಹಾಡಿದ. ನಾಲ್ಕು ಕಾರ್ಡು, ಕಾಲಲ್ಲಿ ತಾಳ. ದಮ್ಮಡಿಯವನು ತಾನಾಗಿಯೇ ಜೊತೆ ಸೇರಿದ. ಮುಗಿದ ಮೇಲೆ ಹಿರಿಯರು ಚಪ್ಪಾಳೆ ತಟ್ಟಲಿಲ್ಲ.

"ಛಲೋ ಹಾಡಿದಿ. ಆದ್ರ ಕೊನೀ ನುಡಿ ಯಾಕ ಬಿಟ್ಟಿ?"

"ನಾ ಕೇಳಿದ್ದು ಅಷ್ಟರೀ ಅಜ್ಜಾ. ಮೊಬೈಲದಾಗ ಅಷ್ಟ ಐತಿ. ಮೂರ ನಿಮಿಷದ್ದು."

"ಅಜ್ಜನ ದೇವರ ಹೆಸರು ಬರೂದು ಕೊನೀ ನುಡಿಯೊಳಗ. ಅದನ್ನ ಬಿಟ್ಟರ ಪತ್ರಾ ಬರದು ಸಹಿ ಮಾಡದಂಗ ಆತು. ಯಾರ ಬರದಾರ ಅಂತ ಹೆಂಗ ತಿಳೀಬೇಕು?"

ಹಿರಿಯರು ಒಂದು ಮಾಸಿದ ನೋಟ್‌ಬುಕ್ಕು ತೆಗೆದರು. ಅದನ್ನು ಅವರ ಅಪ್ಪ ಬರೆದಿಟ್ಟದ್ದಂತೆ. ಹುಡುಗ ಮೊಬೈಲಿನಲ್ಲಿ ಫೋಟೋ ಹೊಡೆಯಲು ಹೋದ. "ಫೋಟೋ ಬ್ಯಾಡ. ಕೈಲೇ ಬರಕೋ. ಬರಕೊಂಡರ ನೆನಪ ಉಳೀತೈತಿ" ಅಂದರು. ನನ್ನ ಪೆನ್ನು, ನನ್ನ ಪ್ಯಾಡು ಅವನ ಪಾಲಾಯಿತು. ಅರ್ಧ ತಾಸು ಕೂತು ಬರೆದುಕೊಂಡ. ಶರೀಫನ ಪದಗಳು ಬದುಕಿದ್ದೇ ಹೀಗೆ. ಅಚ್ಚಿಗೆ ಬರುವ ಮೊದಲು ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದವು.

ಐಟಿಐಯ ಅಶ್ವತ್ಥ್

ಭಜನೆಯ ಮನೆಯಿಂದ ಈ ಪದಗಳು ಬೆಂಗಳೂರಿಗೆ ಹೋದ ಕಥೆಯೇ ಬೇರೆ. ಅದರಲ್ಲಿ ಇಬ್ಬರು ನಾಯಕರು. ಒಬ್ಬರು ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು. ಶರೀಫನ ಪದಗಳನ್ನು ಹಾಡುಗಾರರ ಕೈಗೆ ತಲುಪಿಸಲು ಎಷ್ಟು ಒದ್ದಾಡಿದರೆಂದರೆ ಜನ ಅವರನ್ನು 'ಶರೀಫ ಭಟ್ಟ' ಅಂತಲೇ ಕರೆದರು. ಅವತ್ತು ಗೋವಿಂದ ಭಟ್ಟ, ಇವತ್ತು ಲಕ್ಷ್ಮೀನಾರಾಯಣ ಭಟ್ಟ. ಶರೀಫನಿಗೂ ಭಟ್ಟರಿಗೂ ಏನೋ ನಂಟು!

ಇನ್ನೊಬ್ಬರು ಸಿ. ಅಶ್ವತ್ಥ್. ಸಿನಿಮಾದ ನುಣುಪು ಕಂಠವಲ್ಲ ಅದು. ಎದೆಯಿಂದ ಎತ್ತಿ ಒಗೆಯುವ ದನಿ. 'ಕಾಕನಕೋಟೆ'ಯಿಂದ ಚಿತ್ರಸಂಗೀತಕ್ಕೆ ಬಂದವರು. ಕ್ಯಾಸೆಟ್ಟಿನ ಕಾಲದಲ್ಲಿ ಅವರು ಶರೀಫನ ಪದಗಳಿಗೆ ಹಾಕಿದ ಮಟ್ಟು ಹೋಟೆಲು, ಲಾರಿ, ಬಸ್‌ಸ್ಟ್ಯಾಂಡು ಅಂತ ಎಲ್ಲ ಕಡೆ ಹರಡಿತು. ಆ ತನಕ ಧಾರವಾಡ ಸೀಮೆಯ ಅಜ್ಜನಾಗಿದ್ದವನು ಮೈಸೂರು, ಮಂಗಳೂರಿಗೂ ಅಜ್ಜನಾದ.

1990ರಲ್ಲಿ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಬಂತು. ಪುಟ್ಟಣ್ಣ ಕಣಗಾಲರ 'ಅಮೃತ ಘಳಿಗೆ'ಯಲ್ಲಿ ಕಂಡಿದ್ದ, ಭರತನಾಟ್ಯ ಬಲ್ಲ ಶ್ರೀಧರ್ ಶರೀಫನಾದರು. ಗಿರೀಶ್ ಕಾರ್ನಾಡ್ ಗೋವಿಂದಭಟ್ಟರಾದರು. ಹೊಡೆದಾಟವಿಲ್ಲ, ಕ್ಯಾಬರೆ ಇಲ್ಲ, ಆದರೂ ಜನ ಮರೆಯದ ಚಿತ್ರ! ರಾಷ್ಟ್ರೀಯ ಭಾವೈಕ್ಯಕ್ಕೆ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಅದಕ್ಕೆ ಸಿಕ್ಕಿತು. ಶ್ರೀಧರ್ ತುಟಿ ಆಡಿಸಿದರೆ ಅಶ್ವತ್ಥರ ದನಿ, ಅಶ್ವತ್ಥರ ದನಿಯೊಳಗೆ ಶರೀಫನ ಮಾತು. ನಮಗೆ ಸಿಗದೇ ಹೋದ ಆ ದನಿಯ ಜಾಗವನ್ನು ತುಂಬಿದ್ದು ಅಶ್ವತ್ಥ್. ಈಗ ಕಣ್ಣು ಮುಚ್ಚಿ ಶರೀಫನನ್ನು ನೆನೆದರೆ ಕಾಣುವುದು ಶ್ರೀಧರ್ ಮುಖ, ಕೇಳುವುದು ಅಶ್ವತ್ಥ್ ಕಂಠ. ಸಿನಿಮಾದ ಶಕ್ತಿ ಅಂದರೆ ಇದು.

ಒಂದು ವಿಚಿತ್ರ ಕೇಳಿ. ಶರೀಫ ಹುಟ್ಟಿದ್ದೂ ಸತ್ತದ್ದೂ ಜುಲೈ 3. ಅಶ್ವತ್ಥ್ ಹುಟ್ಟಿದ್ದು 1939ರ ಡಿಸೆಂಬರ್ 29, ತೀರಿಕೊಂಡದ್ದು 2009ರ ಡಿಸೆಂಬರ್ 29. ಇಬ್ಬರಿಗೂ ಸರಿಯಾಗಿ 70 ವರ್ಷ!

ಇದನ್ನು ವಾಪಸು ಬಸ್ಸಿನಲ್ಲಿ ಹುಡುಗನಿಗೆ ಹೇಳಿದೆ. ಇನ್ನೊಂದು ಮಾತನ್ನೂ ಹೇಳಿದೆ. ಅಶ್ವತ್ಥ್ ಇಷ್ಟೆಲ್ಲ ಮಾಡಿದ್ದು ನೌಕರಿ ಬಿಟ್ಟಲ್ಲ. ಬೆಂಗಳೂರಿನ ಐಟಿಐ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನಲ್ಲಿ 27 ವರ್ಷ ದುಡಿದರು. ಹಗಲು ಕಾರ್ಖಾನೆ, ಸಂಜೆ ಹಾರ್ಮೋನಿಯಂ.

"ಹಂಗಾದ್ರ ಅವರೂ ಐಟಿಐನ ಅನ್ರಿ!" ಅಂತ ಹುಡುಗ ನಕ್ಕ. ಮೊದಲ ಸಲ ನಕ್ಕದ್ದು.

ಗಿಟಾರು ಹಿಡಿದ ದೀಕ್ಷಿತ

ಈಗ ಮೂರನೆಯವನ ಕಥೆ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಮೊದಲು ಕಲಿತದ್ದು ಭರತನಾಟ್ಯ. ಓದಿದ್ದು ಮೈಕ್ರೋಬಯಾಲಜಿ, ಅದರಲ್ಲಿ ಚಿನ್ನದ ಪದಕ. ಗಿಟಾರು ಕಲಿತದ್ದು ಕಾಲೇಜಿನಲ್ಲಿ ಗೆಳೆಯನೊಬ್ಬನ ಜೊತೆ ಪಂಥ ಕಟ್ಟಿ ಅಂತ ಅವರೇ ಹೇಳಿಕೊಂಡಿದ್ದಾರೆ. ವಿಜ್ಞಾನದ ನೌಕರಿಗೆ ಬೆಲ್ಜಿಯಂ ತನಕ ಹೋಗಿ, ಅದನ್ನು ಬಿಟ್ಟು ಹಾಡಿಗೆ ಬಂದರು. 2008ರಲ್ಲಿ ಮೊದಲ ಆಲ್ಬಂ. ಅದರಲ್ಲಿ ಸ್ವಂತ ಹಾಡುಗಳ ಜೊತೆಗೆ ಶರೀಫನ ಪದ. ತಂಬೂರಿ ಹೋಗಿ ಗಿಟಾರು, ದಮ್ಮಡಿ ಹೋಗಿ ಡ್ರಮ್ಸ್, ಪಂಚೆ ಕಾಲಿಗೆ ಗೆಜ್ಜೆ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದರು. 2011ರಲ್ಲಿ ಬ್ರಿಟನ್ನಿನ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸ ಪ್ರತಿಭೆಯ ಪ್ರಶಸ್ತಿ. ಸಿನಿಮಾದಲ್ಲಿ 'ಸೈಕೋ', 'ಜಸ್ಟ್ ಮಾತ್ ಮಾತಲ್ಲಿ', 2020ರ 'ಲವ್ ಮಾಕ್‌ಟೇಲ್' ಹಾಡುಗಳು ನಿಮಗೆ ಬಾಯಿಪಾಠ. ಶಿಶುನಾಳದ ಸೋರುವ ಮಾಳಿಗೆ ಇಂಗ್ಲೆಂಡಿನ ಮಳೆಯಲ್ಲೂ ಸೋರಿತು!

ಮೂವರು ಹಾಡುಗಾರರು, ಹುಡುಗನ ಪ್ರಶ್ನೆಗೆ ಮೂರು ಉತ್ತರ. ಒಬ್ಬ ನೌಕರಿ ಬಿಟ್ಟು ಬಡವನಾಗಿ ಸತ್ತ, ಅಮರನಾದ. ಒಬ್ಬ ನೌಕರಿ ಇಟ್ಟುಕೊಂಡೇ ಹಾಡಿದ. ಒಬ್ಬ ಬಿಟ್ಟು ಗೆದ್ದ. ಇವರ ಹಿಂದೆ ಬಿಟ್ಟು ಸೋತವರೂ ಇದ್ದಾರೆ. ಅವರ ಕಥೆಯನ್ನು ಯಾವ ಪತ್ರಿಕೆಯೂ ಬರೆಯಲ್ಲ. ಗಾಂಧಿನಗರದ ಲಾಡ್ಜುಗಳ ಮೆಟ್ಟಿಲ ಮೇಲೆ ಅಂಥವರನ್ನು ನಾನು ಕಂಡಿದ್ದೇನೆ. ಇದನ್ನೂ ಹುಡುಗನಿಗೆ ಹೇಳಿದೆ. ಸಿಹಿಯನ್ನಷ್ಟೇ ಹೇಳೋದು ಮೋಸ.

ಗುಡಗೇರಿ ದಾಟಿದ ಮೇಲೆ ಆತ ಅಂದ: "ಸೋಮವಾರ ಡ್ಯೂಟಿಗೆ ಹೋಗತೀನ್ರಿ ಅಣ್ಣಾ. ಗಿಟಾರ್ ಮಾತ್ರ ಮಾರೂದಿಲ್ಲ. ಅಪ್ಪಗ ನೀವ ಒಂದ ಮಾತ ಹೇಳ್ರಿ." ಲಕ್ಷ್ಮೇಶ್ವರದಲ್ಲಿ ಇಳಿದು ಅವರ ಮನೆಗೆ ಹೋಗಿ ಹೇಳಿದೆ. ಅಪ್ಪ ಏನೂ ಅನ್ನಲಿಲ್ಲ. ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದರು. ಅದನ್ನೇ ಒಪ್ಪಿಗೆ ಅಂದುಕೊಂಡೆ.

ಹೆಸರಿನ ಬೆಲೆ

ಆದರೆ ಆ ಹಿರಿಯರ ಮಾತು, 'ಸಹಿ ಇಲ್ಲದ ಪತ್ರ', ನನ್ನನ್ನು ಬಿಡಲಿಲ್ಲ. ಅಮೆರಿಕದ ಕಂಟ್ರಿ ಹಾಡಿನ ಪಿತಾಮಹ ಅಂತ ಕರೆಸಿಕೊಂಡವನು ಜಿಮ್ಮಿ ರಾಡ್ಜರ್ಸ್. ರೈಲಿನಲ್ಲಿ ಬ್ರೇಕ್ ಹಾಕುವ ಕೆಲಸದವನು, ಕ್ಷಯರೋಗಿ. 1927ರ ಆಗಸ್ಟಿನಲ್ಲಿ ಬ್ರಿಸ್ಟಲ್ ಎಂಬ ಊರಿಗೆ ರೆಕಾರ್ಡಿಂಗಿಗೆ ಬಂದ ರಾಲ್ಫ್ ಪಿಯರ್ ಅವನ ಹಾಡು ಹಿಡಿದ. 1933ರಲ್ಲಿ ಕೊನೆಯ ರೆಕಾರ್ಡಿಂಗ್ ಮುಗಿಸಿದ ಎರಡೇ ದಿನಕ್ಕೆ ರಾಡ್ಜರ್ಸ್ ಸತ್ತ, ವಯಸ್ಸು 35. ಅವನ ತಟ್ಟೆಗಳು ಆಫ್ರಿಕಾಕ್ಕೂ ಹೋದವು. 1950ರಲ್ಲಿ ಹ್ಯೂ ಟ್ರೇಸಿ ಎಂಬ ಸಂಗ್ರಾಹಕ ಕೀನ್ಯಾದ ಕಿಪ್ಸಿಗಿಸ್ ಜನರ ಹಾಡು ರೆಕಾರ್ಡ್ ಮಾಡಲು ಹೋದರೆ, ಅಲ್ಲಿಯ ಹುಡುಗಿಯರು 'ಚೆಮಿರೋಚಾ' ಎಂಬ ಅರ್ಧ ಮನುಷ್ಯ ಅರ್ಧ ಜಿಂಕೆಯ ಮೇಲೆ ಹಾಡುತ್ತಿದ್ದರು. ಚೆಮಿರೋಚಾ ಅಂದರೆ ಯಾರು? ಜಿಮ್ಮಿ ರಾಡ್ಜರ್ಸ್! ಮನುಷ್ಯ ಹೋಗಿ ದೆವ್ವವಾದರೂ ಹೆಸರು ಮಾತ್ರ ಹರಕುಮುರುಕಾಗಿ ಉಳಿದಿತ್ತು.

ನಮ್ಮಲ್ಲಿ ಏನಾಗುತ್ತಿದೆ? ಮೊಬೈಲಿನಲ್ಲಿ ಶರೀಫನ ಹಾಡು ಹಾಕುವವರು ಕೆಳಗೆ ಬರೆಯೋದು 'ಜಾನಪದ ಗೀತೆ'. ಜಾನಪದ ಅಂದರೆ ಯಾರು ಬರೆದರೋ ಗೊತ್ತಿಲ್ಲ ಅಂತ ಅರ್ಥ. ಇವನು ಗೊತ್ತಿಲ್ಲದವನೇ? ಹುಟ್ಟಿದ ದಿನ, ಸತ್ತ ದಿನ, ಊರು, ಗುರು, ಗದ್ದುಗೆ ಎಲ್ಲ ಗೊತ್ತಿದೆ! ಕಾನೂನು ಹೇಳೋದು ಇಷ್ಟು: 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಬರೆದವನ ಹಕ್ಕು ಅವನು ಸತ್ತ 60 ವರ್ಷದವರೆಗೆ. ಶರೀಫನ ಮಾತು ಈಗ ಎಲ್ಲರ ಸೊತ್ತು, ಯಾರೂ ಕಾಸು ಕೊಡಬೇಕಿಲ್ಲ. ಮಟ್ಟು ಹಾಕಿದವರ ಹಕ್ಕು ಬೇರೆ. 2012ರ ತಿದ್ದುಪಡಿ ಗೀತರಚನೆಕಾರರಿಗೂ ಸಂಗೀತಗಾರರಿಗೂ ರಾಯಲ್ಟಿಯ ಬಲ ಕೊಟ್ಟಿತು. ಸತ್ತ ಬಡವನಿಗೆ ಕೊಡಬೇಕಾದದ್ದು ದುಡ್ಡಲ್ಲ, ಹೆಸರು. ಅದಕ್ಕೆ ಅವನೇ ವ್ಯವಸ್ಥೆ ಮಾಡಿ ಹೋಗಿದ್ದಾನೆ, ಪದದ ಕೊನೆಯಲ್ಲಿ ಅಂಕಿತ ಕಟ್ಟಿ. ನಾವು ಆ ನುಡಿಯನ್ನೇ ಕತ್ತರಿಸಿ ಎಸೆದರೆ ಯಾವ ಕಾನೂನೂ ಕಾಪಾಡಲಾರದು.

ಹೋಗುವ ಮನಸ್ಸಿದ್ದವರಿಗೆ ದಾರಿ ಹೇಳಿಬಿಡುತ್ತೇನೆ. ಗದಗಿನಿಂದ ಬೆಳಗಿನ ಬಸ್ಸು ಹಿಡಿದು ಲಕ್ಷ್ಮೇಶ್ವರದಲ್ಲಿ ಇಳಿಯಿರಿ. ಸೋಮೇಶ್ವರ, ಶಂಖ ಬಸದಿ, ದರ್ಗಾ ಮೂರನ್ನೂ ನೋಡಿ. ಒಂದನ್ನು ಬಿಟ್ಟು ಇನ್ನೊಂದನ್ನು ನೋಡಿದರೆ ಊರು ಅರ್ಧವೇ ತಿಳಿಯುತ್ತದೆ. ಇನ್ಫೋಸಿಸ್ ಪ್ರತಿಷ್ಠಾನ ಗುಡಿಯನ್ನು ದುರಸ್ತಿ ಮಾಡಿಸಿದ ಮೇಲೆ ಅಲ್ಲಿ ಪುಲಿಗೆರೆ ಉತ್ಸವವೂ ನಡೆದಿದೆ. ಅಂಥ ದಿನ ಸಿಕ್ಕರೆ ಅದೃಷ್ಟ. ಮಧ್ಯಾಹ್ನದೊಳಗೆ ಗುಡಗೇರಿ, ಹುಲಗೂರು ಮೇಲೆ ಶಿಶುನಾಳ ಸೇರಿ. ಸಂಜೆ ಬಸ್ಸಿನ ಹೊತ್ತು ಮೊದಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ.

ಗಿಟಾರಿರಲಿ, ತಂಬೂರಿ ಇರಲಿ, ಬರೀ ಗಂಟಲೇ ಇರಲಿ, ಶರೀಫನ ಪದ ಹಾಡುವ ಗೆಳೆಯರೇ, ಒಂದೇ ಒಂದು ಬೇಡಿಕೆ. ಮಟ್ಟು ನಿಮ್ಮದಿರಲಿ, ಕುಣಿತ ನಿಮ್ಮದಿರಲಿ, ಲೈಕು ಎಲ್ಲ ನಿಮಗೇ ಸಿಗಲಿ. ಕೊನೆಯ ನುಡಿಯನ್ನು ಮಾತ್ರ ಬಿಡಬೇಡಿ.